ಪ್ರಾಂಪ್ಟ್ ಬರುವ ಮುಂಚೆ

ಮೇ ತಿಂಗಳ ನಾಗಪುರದಲ್ಲಿ ನನ್ನ ಕೆಲಸ ಬೆಳಗಿನ ಐದಕ್ಕೇ ಶುರು. ಹತ್ತು ದಾಟಿದರೆ ಕೂಲರ್ ಎಷ್ಟು ನೀರು ಕುಡಿದರೂ ಕೋಣೆ ತಣಿಯುವುದಿಲ್ಲ. ಟರ್ಮಿನಲ್‌ನಲ್ಲಿ ಪೈಥಾನ್ ತೆರೆದರೆ ಉಳಿದವರಿಗೆ ಮೂರು ಬಾಣಗಳು ಕಾಣುತ್ತವೆ. ನನ್ನದು 'ಹೇಳು' ಅನ್ನುತ್ತದೆ. ಅದರ ಮೇಲೊಂದು ಸಾಲು, ದಿನಕ್ಕೊಂದು ಪದ, ಕನ್ನಡದಲ್ಲೂ ದೇವನಾಗರಿಯಲ್ಲೂ.

ಇದನ್ನು ಕಲಿಸುವುದು ಸುಲಭ. ಪೈಥಾನ್‌ಸ್ಟಾರ್ಟಪ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಒಂದು ಫೈಲಿನ ವಿಳಾಸ ಕೊಟ್ಟರೆ, ಇಂಟರ್‌ಪ್ರಿಟರ್ ಜೊತೆ ಮಾತಿಗೆ ಕೂತಾಗಲೆಲ್ಲ ಮೊದಲ ಪ್ರಾಂಪ್ಟಿಗೂ ಮುಂಚೆ ಆ ಫೈಲು ಓಡುತ್ತದೆ. ಅದರಲ್ಲಿ ಬರೆದಿಟ್ಟ ಫಂಕ್ಷನ್ನುಗಳೆಲ್ಲ ಕೈಗೆ ಸಿಗುತ್ತವೆ. ಪೈಥಾನ್ 3ರಲ್ಲಿ ಅವಕ್ಕೆ ಕನ್ನಡದ ಹೆಸರನ್ನೇ ಇಡಬಹುದು. ನನ್ನಲ್ಲಿದ್ದವು ಎರಡು: 'ನಾಗರಿ' ಮತ್ತು 'ಇದೆಯೇ'.

'ನಾಗರಿ' ಮಗಳಿಗಾಗಿ. ಎಂಟು ವರ್ಷದವಳು, ಮನೆಯಲ್ಲಿ ಕನ್ನಡ ಆಡುತ್ತಾಳೆ, ಶಾಲೆಯಲ್ಲಿ ಕಲಿತದ್ದು ಮರಾಠಿ, ಹಿಂದಿ. ಯೂನಿಕೋಡಿನಲ್ಲಿ ನಮ್ಮ ಲಿಪಿಗಳನ್ನು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಕೂರಿಸಿದ್ದಾರೆ. ಕನ್ನಡ ಅಕ್ಷರದ ಸಂಖ್ಯೆಯಿಂದ 896 ಕಳೆದರೆ ದೇವನಾಗರಿಯ ಅದೇ ಅಕ್ಷರ ಸಿಗುತ್ತದೆ. ಹ್ರಸ್ವ ಎ, ಒಗಳಿಗೂ ಅಲ್ಲಿ ಜಾಗವಿದೆ. ಹಳಗನ್ನಡದ ೞ ಮಾತ್ರ ನುಕ್ತಾ ಇರುವ ಫ ಆಗಿಬಿಡುತ್ತದೆ. ಯೂನಿಕೋಡ್ ಅದಕ್ಕೆ ಕೊಟ್ಟ ಹೆಸರೇ 'ಫಾ'! ತಪ್ಪೆಂದು ಒಪ್ಪಿಕೊಂಡಿದ್ದಾರೆ, ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ. ಭಾಷಾವಿಜ್ಞಾನ ಓದಿದವಳಿಗೆ ಇಂಥವು ಕಂಡರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

'ಇದೆಯೇ' ಹೊಟ್ಟೆಪಾಡಿಗೆ. ಗ್ರಾಹಕರೊಂದಿಗೆ ಒಪ್ಪಿಕೊಂಡ ಪದ ಆಯಾ ಸಾಲಿನಲ್ಲಿ ಬಂದಿದೆಯೇ ಎಂದು ಅದು ನೋಡುತ್ತದೆ. ಹೋದ ವರ್ಷ ಒಂದು ಆ್ಯಪ್‌ನ ಅನುವಾದ ಕಳಿಸಿ ಎರಡು ದಿನಕ್ಕೆ ದೂರು ಬಂತು: ಎಷ್ಟೋ ಸಾಲುಗಳಲ್ಲಿ 'ಕಡತಕೋಶ' ಇಲ್ಲ. ನಾನು 'ಇದೆಯೇ'ಯನ್ನು ಕೇಳಿದೆ. ಎಲ್ಲ ಸಾಲಿಗೂ ಇದೆ ಅಂದಿತು. ಕಣ್ಣಿಗೂ ಕಾಣುತ್ತಿತ್ತಲ್ಲ! ದೋಷ ನಿಮ್ಮ ಕಡೆಯದು ಎಂದು ಸ್ವಲ್ಪ ಬಿಗುವಾಗಿಯೇ ಉತ್ತರ ಬರೆದೆ.

ಮರುದಿನದ ಪದ 'ಶೋಧ'. ಮಗಳು ಹಲ್ಲುಜ್ಜುತ್ತಾ ಬಂದು ದೇವನಾಗರಿ ಸಾಲು ನೋಡಿ, "ಅಮ್ಮಾ, ಇದು ಶೋ ಅಲ್ಲ, ಏನೋ ಆಗ್ಯದ" ಅಂದಳು. ಶ ತಲೆಯ ಮೇಲೊಂದು ಗೆರೆ, ಕೆಳಗೊಂದು ಬಾಲ, ಮತ್ತೆ ಮೇಲೊಂದು ಗುರುತು.

ಒಂದೇ ಗುರುತಾಗಿ ಇರಬೇಕಾದ ಓಕಾರ ಮೂರು ತುಂಡಾಗಿತ್ತು: ಎತ್ವ, ಊತ್ವ, ದೀರ್ಘ. ಕನ್ನಡದಲ್ಲಿ ಫಾಂಟು ಅವನ್ನು ಹೊಲಿದು ತೋರಿಸುತ್ತದೆ, ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ಕಂಪ್ಯೂಟರಿನ ಎಣಿಕೆಯಲ್ಲಿ ಒಂದು 'ಕಡತಕೋಶ'ದ ಉದ್ದ 6, ಇನ್ನೊಂದರದು 8. ಹಳೆಯ ಫಾಂಟಿನಲ್ಲಿದ್ದ ಪದಪಟ್ಟಿಯನ್ನು ಆ ವಾರ ಯಾವುದೋ ಪರಿವರ್ತಕಕ್ಕೆ ಹಾಕಿ ತೆಗೆದು, ಅಲ್ಲಿಂದಲೇ ಅನುವಾದಕ್ಕೆ ಅಂಟಿಸಿದ್ದೆ. 'ಇದೆಯೇ' ಯಾಕೆ ಹೇಳಲಿಲ್ಲ? ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವ ಸಾಲೊಂದನ್ನು, ಜಾಣತನವೆಂದುಕೊಂಡು, ಎಂದೋ ನಾನೇ ಅದರೊಳಗೆ ಬರೆದಿದ್ದೆ. ಆ್ಯಪ್‌ನಲ್ಲಿ ಆ ಸಾಲು ಇರಲಿಲ್ಲ. ಯಾರಾದರೂ 'ಕಡತಕೋಶ' ಎಂದು ಹುಡುಕಿದ್ದರೆ ಏನೂ ಸಿಗುತ್ತಿರಲಿಲ್ಲ.

ಅದೇ ಪರೀಕ್ಷೆಯನ್ನು ಸ್ಕ್ರಿಪ್ಟ್ ಮಾಡಿ ಓಡಿಸಿದರೆ 'ಇದೆಯೇ' ಎಂಬ ಹೆಸರೇ ಗೊತ್ತಿಲ್ಲ ಎಂದು ಪೈಥಾನ್ ಕೈಯೆತ್ತಿತು. ಸ್ಟಾರ್ಟಪ್ ಫೈಲು ಪ್ರಾಂಪ್ಟಿನ ಮುಂದೆ ಕೂತವರಿಗೆ ಮಾತ್ರ. ಸ್ಕ್ರಿಪ್ಟು ಅದನ್ನು ಓದುವುದಿಲ್ಲ. ಕೈಪಿಡಿಯಲ್ಲಿ ಹಾಗೆಂದು ಬರೆದೇ ಇದೆ.

ಈಗ ಫಂಕ್ಷನ್ನುಗಳು ಬೇರೆ ಮಾಡ್ಯೂಲಿನಲ್ಲಿವೆ, ಬೇಕಾದ ಕಡೆ ಹೆಸರು ಹೇಳಿ ಕರೆಸಿಕೊಳ್ಳುತ್ತೇನೆ. 'ಇದೆಯೇ' ಈಗ ಏನನ್ನೂ ಸರಿಪಡಿಸುವುದಿಲ್ಲ, ತುಂಡು ಓಕಾರ ಕಂಡರೆ ಸಾಲಿನ ಸಂಖ್ಯೆ ಹೇಳುತ್ತದೆ. ಸ್ಟಾರ್ಟಪ್ ಫೈಲಿನಲ್ಲಿ ಉಳಿದದ್ದು 'ಹೇಳು' ಮತ್ತು ದಿನದ ಪದ. ಗ್ರಾಹಕರಿಗೆ ಕ್ಷಮೆ ಕೇಳಿ ಎಲ್ಲ ಸಾಲುಗಳನ್ನೂ ತಿದ್ದಿ ಕಳಿಸಿದೆ. ಕಡಿದುಕೊಂಡ ದುಡ್ಡು ಬರಲಿಲ್ಲ, ಮತ್ತೊಂದು ಕೆಲಸ ಬಂತು.