ಹಾಡು ಬೆಳೆದ ಊರುಗಳಲ್ಲಿ ಐದು ದಿನ

ಧಾರವಾಡ ಎಂದೊಡನೆ ಮಕ್ಕಳಿಗೆ ಪೇಡೆ ನೆನಪಾಗುತ್ತದೆ, ದೊಡ್ಡವರಿಗೆ ಬೇಂದ್ರೆಯವರು ನೆನಪಾಗುತ್ತಾರೆ. ಹಿಂದೂಸ್ತಾನಿ ಸಂಗೀತ ಕೇಳುವವರಿಗಾದರೋ ಧಾರವಾಡದ ಜೊತೆಗೇ ಹುಬ್ಬಳ್ಳಿ, ಕುಂದಗೋಳ, ಗದಗಗಳೂ ನೆನಪಿಗೆ ಬರುತ್ತವೆ. ಪಂಚಾಕ್ಷರಿ ಗವಾಯಿಗಳು, ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರೆಲ್ಲರೂ ಈ ನಾಲ್ಕು ಊರುಗಳ ಆಸುಪಾಸಿನಲ್ಲೇ ಕಲಿತವರು, ಕಲಿಸಿದವರು.

ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಶ್ರೀಮತಿಯೂ ದಾವಣಗೆರೆಯಿಂದ ನಮ್ಮ ಹಳೆಯ ಕಾರಿನಲ್ಲಿ ಈ ಊರುಗಳಿಗೆ ಹೊರಟೆವು. ಜೊತೆಗೆ ಒಂದು ಗುಡ್ಡ ಹತ್ತುವುದು, ಕಾಡಿನ ಡೇರೆಯಲ್ಲಿ ಒಂದೆರಡು ರಾತ್ರಿ ಮಲಗುವುದು ಎಂದೂ ನಿಶ್ಚಯಿಸಿದ್ದೆವು. ನನಗೆ 74, ಆಕೆಗೆ 69. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಮಗ ಕೇಳಿದ. ಕಾರಣವಿತ್ತು. ಆಕೆಯ ಎರಡೂ ಕಿವಿಗಳು ಮಂದವಾಗುತ್ತಿವೆ. ಮೆಷಿನ್ ಹಾಕಿಕೊಂಡರೆ ಮಾತು ಕೇಳುತ್ತದೆ, ಆದರೆ ಮುಂದೆ ಇನ್ನೂ ಕಡಿಮೆಯಾಗಬಹುದು ಎಂದು ವೈದ್ಯರು ಹೇಳಿದ್ದಾರೆ. "ಕೇಳಿಸ್ತಾ ಇರುವಾಗಲೇ ಒಂದ್ಸಲ ಹೋಗಿ ಬರೋಣ ರೀ" ಎಂದಳು. ಅದಕ್ಕೆ ಎದುರು ಹೇಳುವುದು ಏನಿದೆ?

ಮೊದಲು ಗದಗಿನ ವೀರೇಶ್ವರ ಪುಣ್ಯಾಶ್ರಮ. ಇದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ (1892–1944), ಅವರ ನಂತರ ನಡೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ಮೊದಮೊದಲು ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತ ಪಾಠ ಹೇಳುತ್ತಿದ್ದರು. ಪುಟ್ಟರಾಜರು ಆಶ್ರಮದ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು, ನಾಟಕಗಳನ್ನು ತಾವೇ ಬರೆದರು. ಇಬ್ಬರ ಗದ್ದುಗೆಗಳೂ ಇಲ್ಲೇ ಇವೆ. ಕಣ್ಣಿಲ್ಲದ ಮಕ್ಕಳೂ ಬಡಮಕ್ಕಳೂ ಇಂದಿಗೂ ಇಲ್ಲಿ ಉಚಿತವಾಗಿ ಉಂಡು, ಉಳಿದು ಸಂಗೀತ ಕಲಿಯುತ್ತಾರೆ.

ನಾವು ಹೋದಾಗ ಒಂದು ಕಡೆ ತಬಲಾ, ಇನ್ನೊಂದು ಕಡೆ ಹಾರ್ಮೋನಿಯಂ ನಡೆದಿತ್ತು. ಜಗಲಿಯಲ್ಲಿ ಕುಳಿತಿದ್ದ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ನಮ್ಮ ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದ. "ಅಜ್ಜೀ, ನಿಮ್ಮ ಕಿವ್ಯಾಗ ಏನೋ ಶಿಳ್ಳಿ ಹೊಡಿಯಾಕತ್ತೈತಿ" ಎಂದ. ಮೆಷಿನ್ ಕಿವಿಗೆ ಸರಿಯಾಗಿ ಕೂಡದಿದ್ದರೆ ಹಾಗೆ ಸಣ್ಣಗೆ ಕೂಗುತ್ತದೆ. ಪಕ್ಕದಲ್ಲೇ ಇದ್ದ ನನಗೂ ಅದು ಕೇಳಿಸಿರಲಿಲ್ಲ, ಆಕೆಗಂತೂ ಇಲ್ಲವೇ ಇಲ್ಲ. ಆಕೆ ಮೆಷಿನ್ ಒತ್ತಿ ಸರಿಮಾಡಿಕೊಂಡು, "ಈಗ?" ಎಂದಳು. "ಈಗ ಬಂದಾತ್ರಿ" ಎಂದು ನಕ್ಕ. ಅಷ್ಟು ಸೂಕ್ಷ್ಮ ಆ ಮಕ್ಕಳ ಕಿವಿ!

ಮರುದಿನ ಕಪ್ಪತಗುಡ್ಡ. ಬಯಲುಸೀಮೆಯ ನಡುವೆ ಉದ್ದಕ್ಕೆ ಮಲಗಿರುವ ಈ ಗುಡ್ಡಸಾಲು ಔಷಧಿ ಗಿಡಗಳಿಗೆ ಹೆಸರುವಾಸಿ. ತೋಳ, ಕತ್ತೆಕಿರುಬಗಳೂ ಇಲ್ಲಿವೆ. 2019ರಲ್ಲಿ ಇದನ್ನು ವನ್ಯಜೀವಿ ಧಾಮವೆಂದು ಘೋಷಿಸಿದರು. ಅರಣ್ಯದವರನ್ನು ಕೇಳಿಕೊಂಡು, ಕಾರನ್ನು ಕೆಳಗೆ ನಿಲ್ಲಿಸಿ, ಬೆಳಿಗ್ಗೆ ಏಳಕ್ಕೇ ಗಾಳಿಗುಂಡಿ ಬಸವಣ್ಣನ ಕಡೆಗೆ ನಡೆದೆವು. ನೂರು ಹೆಜ್ಜೆ ನಡೆ, ನಿಲ್ಲು, ಒಂದು ಗುಟುಕು ನೀರು ಕುಡಿ. ಇದು ನಮ್ಮ ಕ್ರಮ. ಮೇಲೆ ಹೋದಂತೆ ಗಾಳಿ ಜೋರಾಯಿತು, ದೂರದ ಗಾಳಿಯಂತ್ರಗಳು ತಿರುಗುತ್ತಿದ್ದವು. ಮೆಷಿನ್‌ಗೆ ಗಾಳಿ ಬಡಿದರೆ ಬರೀ ಗದ್ದಲ, ಬೇರೆ ಏನೂ ಕೇಳದು. ಆಕೆ ಅದನ್ನು ತೆಗೆದು ಡಬ್ಬಿಯಲ್ಲಿಟ್ಟು, ನನ್ನ ಕೈ ಹಿಡಿದು ಹತ್ತಿದಳು. ಹೇಳುವುದೆಲ್ಲ ಸನ್ನೆಯಲ್ಲೇ ಆಯಿತು.

ಮೂರನೆಯ ದಿನ ಕುಂದಗೋಳ. ಉತ್ತರದ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಅವರು ಮೈಸೂರು ಅರಮನೆಗೆ ಹೋಗಿಬರುವಾಗ ಈ ಸೀಮೆಯಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದವರು ಕುಂದಗೋಳದ ರಾಮಚಂದ್ರರಾಯರು. ಅವರೇ ಮುಂದೆ ಸವಾಯಿ ಗಂಧರ್ವರೆಂದು ಹೆಸರಾದರು (1886–1952). ಕರೀಂ ಖಾನರು ಹಾಡಿದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯುತ್ತದೆ. ದಪ್ಪ ಗೋಡೆ, ಮರದ ಕಂಬಗಳ ಆ ಮನೆಯ ಮುಂದೆ ನಾವು ಬಹಳ ಹೊತ್ತು ನಿಂತೆವು.

ಮಕ್ಕಳೇ, ಭೀಮಸೇನ ಜೋಶಿಯವರ ಕಥೆ ನಿಮಗೆ ಗೊತ್ತೇ? ಗದಗ ಸೀಮೆಯ ಈ ಹುಡುಗ ಹನ್ನೊಂದನೆಯ ವಯಸ್ಸಿಗೇ ಗುರುವನ್ನು ಹುಡುಕುತ್ತ ಮನೆ ಬಿಟ್ಟ. ರೈಲು ಹತ್ತಿ ಗ್ವಾಲಿಯರ್‌ವರೆಗೂ ಹೋದ. ಊರೂರು ಅಲೆದು ಮರಳಿದ ಮೇಲೆ, 1936ರಲ್ಲಿ, ಮನೆಗೆ ಹತ್ತಿರದ ಕುಂದಗೋಳದಲ್ಲೇ ಗುರು ಸಿಕ್ಕರು! ಗುರುಗಳ ಮನೆಗೆ ಕೊಡಗಟ್ಟಲೆ ನೀರು ಹೊತ್ತು ಪಾಠ ಕಲಿತ. ಮುಂದೆ ಭಾರತರತ್ನರಾದರು. (ಮನೆ ಬಿಡುವುದನ್ನು ಮಾತ್ರ ನೀವು ಅನುಕರಿಸಬೇಡಿ. ಈಗ ಗುರುಗಳ ವಿಳಾಸ ಸುಲಭವಾಗಿ ಸಿಗುತ್ತದೆ.) ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಮುಗಿಸಿ ಮನೆಗೆ ಮರಳುತ್ತಿದ್ದರು. ಅದಕ್ಕೇ ನಾವೂ ಕುಂದಗೋಳದ ರೈಲು ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕುಳಿತು ಚಹಾ ಕುಡಿದೆವು.

ಅಂದು ರಾತ್ರಿ ಧಾರವಾಡ. ಬೆಳಿಗ್ಗೆ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ'ಕ್ಕೆ ಹೋದೆವು. ಈಗ ಅದು ಸ್ಮಾರಕ. ಧಾರವಾಡದ ಪಕ್ಕದ ಮನಸೂರಿನ ಈ ಹುಡುಗ ನಾಟಕದಲ್ಲಿ ಪಾತ್ರ ಮಾಡುತ್ತ ಬೆಳೆದು, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರಲ್ಲಿ ಜಯಪುರ ಘರಾಣೆಯ ಗಾಯನ ಕಲಿತರು. 1992ರಲ್ಲಿ, ಅವರು ತೀರಿಕೊಂಡ ವರ್ಷವೇ, ಪದ್ಮವಿಭೂಷಣ ಬಂತು. ಅಷ್ಟು ದೊಡ್ಡವರ ಮನೆ ನಮ್ಮ ನಿಮ್ಮ ಮನೆಯಂತೆಯೇ ಇದೆ.

ಅಲ್ಲಿಂದ ದಾಂಡೇಲಿ ಮಾರ್ಗವಾಗಿ ಕುಳಗಿಯ ಪ್ರಕೃತಿ ಶಿಬಿರಕ್ಕೆ ಹೊರಟೆವು. ಬಯಲು ಮುಗಿದು ಕಾಡು ಶುರುವಾಗುತ್ತದೆ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಡೇರೆ ಎಂದರೆ ಹೆದರಬೇಡಿ, ಒಳಗೆ ಮಂಚ, ಹಾಸಿಗೆ ಇರುತ್ತವೆ. ನಮ್ಮ ವಯಸ್ಸಿನವರು ನೆಲದಿಂದ ಏಳುವ ಕಷ್ಟವಿಲ್ಲ.

ಕತ್ತಲಾಗುತ್ತಲೇ ಜೀರುಂಡೆಗಳು ಶುರುವಾದವು. "ಎಷ್ಟು ಜೋರು ನೋಡು" ಎಂದೆ. "ಎಂಥದು?" ಎಂದಳು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಸಣ್ಣ, ಎತ್ತರದ ದನಿಗಳನ್ನು. ದಪ್ಪ ದನಿಗಳು ಹೆಚ್ಚು ಕಾಲ ಉಳಿಯುತ್ತವೆ. ಅದಕ್ಕೇ, ಮಕ್ಕಳೇ, ಅಜ್ಜಿಯ ಹತ್ತಿರ ಕಿರುಚಿ ಮಾತಾಡಬೇಡಿ. ಎದುರಿಗೆ ಬಂದು, ನಿಧಾನವಾಗಿ, ತುಸು ತಗ್ಗಿದ ದನಿಯಲ್ಲಿ ಹೇಳಿ.

ಹೊರಡುವಾಗ ಮೊಮ್ಮಗ ನನ್ನ ಮೊಬೈಲಿಗೆ ಹಾಡುಗಳನ್ನು ತುಂಬಿ ಕೊಟ್ಟಿದ್ದ. ಕಾಡಿನಲ್ಲಿ ಜೋರಾಗಿ ಹಾಡು ಹಾಕಬಾರದು. ಡೇರೆಯೊಳಗೆ ಕುಳಿತು, ಸಣ್ಣಗೆ ಗಂಗೂಬಾಯಿಯವರ ಹಾಡು ಹಾಕಿ ಆಕೆಯ ಕಿವಿಯ ಬಳಿ ಹಿಡಿದೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಗೂಬಾಯಿಯವರ ದನಿ ಗಂಡಸರ ದನಿಯಂತೆ ಗಡಸಾಗಿತ್ತು. ಅವರು ಆ ದನಿಯಲ್ಲೇ ಹಾಡಿ ಜಗತ್ತನ್ನು ಗೆದ್ದರು. ಆಕೆ ಕಣ್ಣು ಮುಚ್ಚಿದಳು. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಹಾಡು ಮುಗಿದ ಮೇಲೆ, "ಒಂದು ಅಕ್ಷರವೂ ತಪ್ಪಲಿಲ್ಲ ರೀ, ಎಲ್ಲ ಕೇಳಿಸ್ತು" ಎಂದಳು. ನನಗೆ ಮಾತು ಹೊರಡಲಿಲ್ಲ.

ಬೆಳಗಿನ ನಡಿಗೆಯಲ್ಲಿ ನನಗೆ ಹಕ್ಕಿಗಳ ಚಿಲಿಪಿಲಿ, ಆಕೆಗೆ ಬರೀ ಕಾಡು. ಅಷ್ಟರಲ್ಲಿ ನೆತ್ತಿಯ ಮೇಲೆ ಮಂಗಟ್ಟೆ ಹಕ್ಕಿಯೊಂದು ಹಾರಿಹೋಯಿತು. ಅದರ ರೆಕ್ಕೆಯ ಬುಸ್ ಬುಸ್ ಸದ್ದಿಗೆ ನನಗಿಂತ ಮೊದಲು ತಲೆ ಎತ್ತಿದವಳು ಆಕೆ.

ಬ್ಯಾಂಕಿನ ಅಭ್ಯಾಸ, ಲೆಕ್ಕ ಬರೆಯದೆ ಕೈ ನಿಲ್ಲದು: ಐದು ದಿನ, ಸುಮಾರು 600 ಕಿ.ಮೀ. ಹೋಗುವವರಿಗೆ ಎರಡು ಮಾತು. ಮಳೆ ನಿಂತ ಮೇಲೆ, ಬಿಸಿಲು ಏರುವ ಮೊದಲು ಹೋಗಿ. ಡೇರೆಯನ್ನು ಮುಂಚೆಯೇ ಕಾದಿರಿಸಿ. ಮೆಷಿನ್ ಹಾಕುವವರಿದ್ದರೆ ಅದರ ಸೆಲ್‌ಗಳನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಿ, ಕಾಡಿನಲ್ಲಿ ಅಂಗಡಿ ಇರುವುದಿಲ್ಲ.