ಧೂಳಿಗಂಜದ ಕ್ಯಾಮೆರಾ

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಶಿರಹಟ್ಟಿಗೆ, ಕಪ್ಪತಗುಡ್ಡವನ್ನು ಬಳಸಿಕೊಂಡು ಮುಂಡರಗಿಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದರೆ ಬಹಳ ಕಡೆ ಒಂದು ಹಳೆಯ ಕಲ್ಲು ಎದುರಾಗುತ್ತದೆ. ಕೆರೆಯ ಏರಿಯ ಮೇಲೊಂದು ವೀರಗಲ್ಲು, ಹನುಮಪ್ಪನ ಗುಡಿಯ ಕಟ್ಟೆಯಲ್ಲೊಂದು ಮಾಸ್ತಿಗಲ್ಲು, ಹೊಲದ ಬದುವಿನಲ್ಲಿ ದಾನಶಾಸನದ ತುಂಡು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಗುರುತಿಸಿದ ಊರುಗಳಲ್ಲಿ ಒಂದಾದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಇಂಥ ನೆಲದಲ್ಲಿ ಅಕ್ಷರವುಳ್ಳ ಕಲ್ಲು ಸಿಕ್ಕುವುದು ಸೋಜಿಗವಲ್ಲ. ಅದು ದಿನದಿನಕ್ಕೂ ಸವೆಯುತ್ತಿರುವುದೇ ವಿಷಾದದ ಸಂಗತಿ.

ಈ ಕಲ್ಲುಗಳ ಚಿತ್ರ ತೆಗೆದಿರಿಸಬೇಕೆಂಬ ಹಂಬಲವುಳ್ಳ ತರುಣರು ನಮ್ಮ ಮನೆಗಳಲ್ಲಿ ಇದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ. ಬಿಸಿಲು, ಧೂಳು, ಮಳೆಗಳನ್ನು ತಡೆಯುವ, ಕಿಸೆಗೆ ಹೊರೆಯಾಗದ, ಬೆಲೆಯೂ ಕೈಗೆ ನಿಲುಕುವ ಕ್ಯಾಮೆರಾ ಯಾವುದು? ಮಠದಲ್ಲಿ ತಾಳೆಗರಿ ಓದುವುದನ್ನು ಕಲಿತವನಿಗೆ ಇದರ ಗೊಡವೆ ಏಕೆಂದು ಓದುಗ ಬಂಧುಗಳಿಗೆ ಅನಿಸಬಹುದು. ಅಕ್ಷರವನ್ನು ಉಳಿಸುವ ಸಾಧನ ಕಂಠವಾಗಲಿ, ಗಂಟವಾಗಲಿ, ಕ್ಯಾಮೆರಾ ಆಗಲಿ, ಅದು ನಮ್ಮ ವಿಚಾರಕ್ಕೆ ಸಂಬಂಧಪಟ್ಟುದೇ.

ಪ್ರತಿ ಮಾಡಿ ಉಳಿಸುವುದು ನಮ್ಮ ನಾಡಿನಲ್ಲಿ ಹಳೆಯ ಪುಣ್ಯಕಾರ್ಯ. ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ, ಮಠಮಠಗಳಲ್ಲಿ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ವಚನದ ಕಟ್ಟುಗಳನ್ನು ಅರಸಿ, ಪ್ರತಿ ಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಹೊಲದ ಕಲ್ಲಿನ ಸ್ಪಷ್ಟವಾದ ಒಂದು ಚಿತ್ರವೂ ಇದೇ ಬಗೆಯ ಪ್ರತಿ ಎಂದು ನಾನು ತಿಳಿದಿದ್ದೇನೆ.

ನಮ್ಮ ಸೀಮೆಗೆ ಕ್ಯಾಮೆರಾ ಬಂದುದು ನಿನ್ನೆ ಮೊನ್ನೆಯಲ್ಲ. 1850ರ ದಶಕದಲ್ಲಿಯೇ ತೋಪುದಳದ ಅಧಿಕಾರಿ ಥಾಮಸ್ ಬಿಗ್ಸ್, ಮುಂಬಯಿ ವೈದ್ಯಕೀಯ ಸೇವೆಯ ಡಾಕ್ಟರ್ ಪಿಗೂ ಮೊದಲಾದವರು ಇಲ್ಲಿನ ಗುಡಿಗಳ ಚಿತ್ರ ತೆಗೆದರು. ಅವು ಮೆಡೋಸ್ ಟೇಲರ್ ಬರೆದ ವಿವರಣೆಯೊಡನೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಪ್ರಕಟಗೊಂಡವು. ಗದಗ, ಲಕ್ಕುಂಡಿ, ಡಂಬಳಗಳ ದೇವಾಲಯಗಳು ಅದರಲ್ಲಿವೆ. ಮರದ ದೊಡ್ಡ ಪೆಟ್ಟಿಗೆ, ಮುಕ್ಕಾಲಿ, ಔಷಧಿ ಬಳಿದ ಕಾಗದ, ಅದನ್ನು ತೊಳೆಯಲು ಕತ್ತಲೆಯ ಜಾಗ, ಇಷ್ಟನ್ನೂ ಹೊತ್ತು ತಿರುಗಿದವರ ಶ್ರಮವನ್ನು ನೆನೆದರೆ ನಮ್ಮ ಸೋಮಾರಿತನಕ್ಕೆ ನೆಪವೇ ಉಳಿಯುವುದಿಲ್ಲ. ಮುಂದೆ ರೋಲಿನ ಕಾಲ ಬಂದಿತು. ಆಗ್ಫಾ ಕ್ಲಿಕ್-3ರಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಅಷ್ಟರಲ್ಲಿ ಮದುವೆ, ತೊಟ್ಟಿಲು, ಜಾತ್ರೆ ಎಲ್ಲವೂ ಮುಗಿಯಬೇಕು. ಕಲ್ಲಿಗೆ ರೋಲು ಖರ್ಚು ಮಾಡುವವರನ್ನು ಮನೆಯವರು ಹುಚ್ಚರೆನ್ನುತ್ತಿದ್ದರು. ಈಗ ಚಿತ್ರಕ್ಕೆ ಖರ್ಚಿಲ್ಲ, ಖರ್ಚಿರುವುದು ಯಂತ್ರಕ್ಕೆ. ಆದುದರಿಂದಲೇ ಅದನ್ನು ಆರಿಸುವಾಗ ವಿವೇಕ ಬೇಕು.

ಮುಂಡರಗಿಯಲ್ಲಿ ಪ್ರೌಢಶಾಲೆಯ ಶಿಕ್ಷಕನಾಗಿರುವ ನನ್ನ ತಮ್ಮನ ಮಗ ಒಮ್ಮೆ ಬಂದು ಕುಳಿತು ಹೀಗೆಂದನು: “ದೊಡ್ಡಪ್ಪಾರ, ಅಂಗಡ್ಯಾಗ ಹತ್ತು ಮಂದಿ ಹತ್ತು ಹೇಳ್ತಾರ. ನಿಮಗ ಅಕ್ಷರ ಓದಾಕ ಎಂಥಾ ಚಿತ್ರ ಬೇಕು, ಅದನ್ನಷ್ಟ ಹೇಳ್ರಿ. ಕ್ಯಾಮೆರಾ ನಾ ಹುಡುಕ್ತೀನಿ.” ಪ್ರಶ್ನೆಯನ್ನು ಹೀಗೆ ತಿರುಗಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಕಾಯಕ ಯಾವುದೆಂದು ನಿಶ್ಚಯವಾದ ಮೇಲೆ ಸಲಕರಣೆಯ ಆಯ್ಕೆ ಸುಲಭ. ಬಡಿಗನು ಬಾಚಿಯನ್ನು ಅದರ ಹೊಳಪು ನೋಡಿ ಕೊಳ್ಳುವುದಿಲ್ಲ.

ನಮ್ಮ ಕಾಯಕ ಬಯಲಿನದು. ಬೇಸಿಗೆಯಲ್ಲಿ ಎರೆಯ ಹೊಲದ ಧೂಳು ಹಿಟ್ಟಿನಂತೆ ಸಣ್ಣದು. ಕಪ್ಪತಗುಡ್ಡದ ಗಾಳಿಯ ರಭಸ ಅಲ್ಲಿ ನೆಟ್ಟ ಗಾಳಿಯಂತ್ರಗಳಿಂದಲೇ ತಿಳಿಯುತ್ತದೆ. ಸಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆಗೆ ಇಳಿದರೆ ಮರಳು ಮತ್ತು ನೀರು. ಜಾತ್ರೆಯಲ್ಲಿ ನಿಂತರೆ ತೇರಿಗೆ ಎಸೆದ ಉತ್ತತ್ತಿ, ಬಾಳೆಹಣ್ಣುಗಳು ಕ್ಯಾಮೆರಾಕ್ಕೂ ಬೀಳುತ್ತವೆ. ಸಾಧಾರಣವಾದ ಸಣ್ಣ ಕ್ಯಾಮೆರಾದಲ್ಲಿ ಗುಂಡಿ ಒತ್ತಿದೊಡನೆ ಮಸೂರದ ಕೊಳವೆ ಹೊರಗೆ ಚಾಚಿಕೊಳ್ಳುತ್ತದೆ. ಆ ಕೊಳವೆಯ ಸಂದಿಯಲ್ಲಿ ಧೂಳು ಸೇರಿತೆಂದರೆ ಮುಂದೆ ಅದು ಹೊರಗೂ ಬಾರದು, ಒಳಗೂ ಹೋಗದು. ಬಯಲಿಗೆಂದೇ ಮಾಡಿದ ಕ್ಯಾಮೆರಾಗಳಲ್ಲಿ ಮಸೂರಗಳು ಒಡಲಿನೊಳಗೇ ಸರಿದಾಡುತ್ತವೆ, ಹೊರಗೆ ಏನೂ ಚಾಚುವುದಿಲ್ಲ. ಕೊಳ್ಳುವವರು ಮೊದಲು ನೋಡಬೇಕಾದುದು ಇದನ್ನೇ.

ಎರಡನೆಯದು ಪೆಟ್ಟಿಗೆಯ ಮೇಲಿನ ಅಂಕೆಗಳು. ಐಪಿ ಎಂಬ ಅಕ್ಷರಗಳ ಮುಂದಿನ ಮೊದಲ ಅಂಕೆ ಧೂಳಿನ ತಡೆಯನ್ನು ಹೇಳುತ್ತದೆ. 6 ಎಂದಿದ್ದರೆ ಧೂಳು ಒಳಗೆ ಹೋಗದು. ಎರಡನೆಯ ಅಂಕೆ ನೀರಿನದು. 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ, 8 ಎಂದರೆ ತಯಾರಕರು ಹೇಳಿದ ಇನ್ನೂ ಹೆಚ್ಚಿನ ಮಿತಿ. ಎತ್ತರದಿಂದ ಬಿದ್ದರೆ ತಡೆಯುವ ಶಕ್ತಿ ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು.

ಮೂರನೆಯದು ಚಿತ್ರದ ಗುಣ. ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಂಬ ಸಂಖ್ಯೆಯನ್ನು ದೊಡ್ಡದಾಗಿ ಹೇಳುತ್ತಾರೆ. 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಸುಮಾರು 13 ಅಂಗುಲ ಉದ್ದ, 10 ಅಂಗುಲ ಅಗಲಕ್ಕೆ ಅಚ್ಚು ಹಾಕಿದರೂ ಅಕ್ಷರ ಸ್ವಚ್ಛವಾಗಿ ಕಾಣುತ್ತದೆ. ಶಾಸನ ಓದುವವನಿಗೆ ಅಷ್ಟು ಸಾಕು. ಅದಕ್ಕಿಂತ ಗುಡಿಯ ಮಬ್ಬು ಬೆಳಕಿನಲ್ಲಿ ಚಿತ್ರ ಬರುವುದು, ತಾಳೆಗರಿಯ ತೀರ ಹತ್ತಿರಕ್ಕೆ ಹೋದರೂ ಅಕ್ಷರ ಮಸಕಾಗದಿರುವುದು ಹೆಚ್ಚಿನದು. ಅರವತ್ತು ದಾಟಿದ ಬೆರಳುಗಳಿಗೆ ಗುಂಡಿಗಳು ತುಸು ದೊಡ್ಡವಾಗಿದ್ದರೆ ಒಳಿತೆಂದೂ ನಾನು ಸೇರಿಸಿದೆ.

ಈ ಲಕ್ಷಣಗಳನ್ನು ಹಿಡಿದು ಹುಡುಗ ಎರಡು ಹೆಸರು ತಂದನು. 2023ರಲ್ಲಿ ಬಂದ ಓಎಂ ಸಿಸ್ಟಮ್ ಟಿಜಿ-7 ನೀರಿನಲ್ಲಿ 15 ಮೀಟರ್ ಆಳವನ್ನೂ, 2.1 ಮೀಟರ್ ಎತ್ತರದ ಬೀಳುವಿಕೆಯನ್ನೂ ತಡೆಯುವಂತೆ ತಯಾರಾದುದು. ಅದರ ಮಸೂರ ಮಬ್ಬಿನಲ್ಲಿ ಹೆಚ್ಚು ಬೆಳಕು ಹಿಡಿಯುತ್ತದೆ, ಒಂದು ಸೆಂಟಿಮೀಟರ್ ಹತ್ತಿರದ ವಸ್ತುವನ್ನೂ ತೋರಿಸುತ್ತದೆ. 2022ರ ರಿಕೋ ಡಬ್ಲ್ಯುಜಿ-80 ನೀರಿನಲ್ಲಿ 14 ಮೀಟರ್, ಬೀಳುವಿಕೆಯಲ್ಲಿ 1.6 ಮೀಟರ್ ತಡೆಯುವಂಥದು. ಬೆಲೆಯಲ್ಲಿ ಸೌಮ್ಯ, ಆದರೆ ಮಬ್ಬಿನಲ್ಲಿ ಮಂದ. ಮಸೂರದ ಸುತ್ತ ಆರು ಪುಟ್ಟ ದೀಪಗಳಿವೆ. ಅವು ತಾಳೆಗರಿಗೆ ಉಪಯುಕ್ತ, ಸವೆದ ಕಲ್ಲಿಗೆ ನಿರುಪಯುಕ್ತ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಅಕ್ಷರದ ತಗ್ಗು ಅಳಿಸಿಹೋಗುತ್ತದೆ. ಕಲ್ಲಿಗೆ ಮಗ್ಗುಲ ಬೆಳಕೇ ಬೇಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು, ಇಲ್ಲವೆ ಬದಿಯಿಂದ ಹಿಡಿದ ಬ್ಯಾಟರಿ, ಅದೂ ಇಲ್ಲವೆಂದರೆ ಮನೆಯ ಕನ್ನಡಿಯಿಂದ ತಿರುಗಿಸಿದ ಬಿಸಿಲು. ಹೀಗೆ ಮಾಡಿದಾಗ ಬರಿಗಣ್ಣಿಗೆ ಕಾಣದ ಸಾಲುಗಳೂ ಎದ್ದು ಬರುತ್ತವೆ.

ಇವುಗಳ ಮಿತಿಯನ್ನೂ ಹೇಳಬೇಕು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಅಲ್ಲಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಕೆರೆಯ ನಡುವಿನಲ್ಲಿ ಹಿಡಿಯಲು ಇಂಥ ಸಣ್ಣ ಕ್ಯಾಮೆರಾದ ನಾಲ್ಕೈದು ಪಟ್ಟಿನ ಜೂಮ್ ಸಾಲದು. ಹಕ್ಕಿಯೇ ಗುರಿಯಾದವರು ದೂರ ನೋಡುವ ಬೇರೆ ಕ್ಯಾಮೆರಾ ಕೊಳ್ಳಲಿ, ಅದನ್ನು ಧೂಳು, ನೀರುಗಳಿಂದ ಕಾಯುವ ಜವಾಬ್ದಾರಿಯನ್ನೂ ಹೊರಲಿ.

ಮೊಬೈಲ್ ಇರುವಾಗ ಇದೆಲ್ಲ ಏತಕ್ಕೆಂದು ಕೇಳುವವರೂ ಉಂಟು. ಮನೆಯಲ್ಲಿರುವ ಮೊಬೈಲಿಗೆ ಗಟ್ಟಿಯಾದ ಕವಚ ಹಾಕಿ ಇಂದೇ ಕೆಲಸ ಆರಂಭಿಸುವುದು ಎಲ್ಲಕ್ಕಿಂತ ಅಗ್ಗ ಮತ್ತು ಎಲ್ಲಕ್ಕಿಂತ ಮೇಲು. ಆದರೆ ಒದ್ದೆ ಬೆರಳಿಗೆ ಅದರ ಗಾಜು ಸರಿಯಾಗಿ ಓಗೊಡುವುದಿಲ್ಲ. ಬಂಡೆಯ ಮೇಲೆ ಒಮ್ಮೆ ಜಾರಿದರೆ ಮನೆಯ ಲೆಕ್ಕಪತ್ರ, ಮಾತುಕತೆಗಳೆಲ್ಲ ನಿಂತುಹೋಗುತ್ತವೆ. ಆ ಭಯದಿಂದಲೇ ಎಷ್ಟೋ ಜನ ಅದನ್ನು ಕಿಸೆಯಿಂದ ಹೊರತೆಗೆಯದೆ ಮರಳುತ್ತಾರೆ.

ಉಳಿದುದು ಬೆಲೆ. ಟಿಜಿ-7 ಒಬ್ಬ ಶಿಕ್ಷಕನ ಸಂಬಳಕ್ಕೆ ಭಾರವೇ. “ಒಬ್ಬಾಂವ ತಗೋಳ್ಳಾಕ ಭಾಳ ತುಟ್ಟಿ ಆತ್ರಿ ದೊಡ್ಡಪ್ಪಾರ” ಎಂದು ಅವನೇ ಹೇಳಿದನು. ಹಳೆಯದನ್ನು ಕೊಂಡರೆ ಬೆಲೆ ಇಳಿಯುತ್ತದೆ ನಿಜ, ಆದರೆ ನೀರು ತಡೆಯುವ ರಬ್ಬರಿನ ಅಂಚು ಕಾಲಕಳೆದಂತೆ ಸಡಿಲಾಗುತ್ತದೆ. ಹಿಂದಿನ ಒಡೆಯರು ಅದನ್ನು ಹೇಗೆ ಕಾಯ್ದರೆಂದು ತಿಳಿಯುವ ಬಗೆಯಿಲ್ಲ. ಆಗ ನಾನು ಕಣಗಿನಹಾಳದ ನೆನಪು ಮಾಡಿಕೊಟ್ಟೆ. ಗದಗ ತಾಲೂಕಿನ ಆ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು; ದೇಶದ ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಒಬ್ಬನಿಂದಾಗದ್ದು ಹಲವರಿಂದ ಆಗುತ್ತದೆಂದು ಈ ಮಣ್ಣು ಆಗಲೇ ಕಲಿತಿದೆ. ಹುಡುಗ ತನ್ನ ನಾಲ್ವರು ಸಂಗಡಿಗರನ್ನು ಕೂಡಿಸಿದನು. ಐವರೂ ಸಮನಾಗಿ ಹಣ ಹಾಕಿ ಹೊಸದನ್ನೇ ಕೊಂಡರು. ಒಬ್ಬೊಬ್ಬರ ಪಾಲು ಸಾಧಾರಣ ಮೊಬೈಲಿನ ಬೆಲೆಗೆ ಇಳಿಯಿತು. ಯಾರು ಒಯ್ದರು, ಎಂದು ಮರಳಿಸಿದರು, ಯಾವ ಕಲ್ಲಿನ ಚಿತ್ರ ತೆಗೆದರು ಎಂದು ಬರೆಯಲು ಒಂದು ನೋಟುಬುಕ್ಕನ್ನೂ ಇರಿಸಿದರು. ಕ್ಯಾಮೆರಾಕ್ಕಿಂತ ಆ ನೋಟುಬುಕ್ಕಿನ ಮೇಲೆಯೇ ನನಗೆ ಹೆಚ್ಚು ಪ್ರೀತಿ.

ಆ ಬೇಸಿಗೆಯಲ್ಲಿ ಅವರು ಲಕ್ಷ್ಮೇಶ್ವರದ ಕಡೆಯ ಒಂದು ಕೆರೆಯ ಏರಿಯ ಮೇಲಿನ ಕಲ್ಲನ್ನು ಸಂಜೆಯ ಓರೆ ಬಿಸಿಲಿನಲ್ಲಿ, ಪಕ್ಕದಲ್ಲಿ ಅಡಿಪಟ್ಟಿ ನಿಲ್ಲಿಸಿ, ನಾಲ್ಕೂ ಮಗ್ಗುಲಿನಿಂದ ಚಿತ್ರಿಸಿದರು. ಧೂಳಿನಲ್ಲಿ ಮೊಣಕಾಲೂರಿ, ನೆಲಕ್ಕೆ ಕ್ಯಾಮೆರಾ ತಾಗಿಸಿ ಕೊನೆಯ ಸಾಲುಗಳನ್ನು ಹಿಡಿದರು. ಮಳೆಗಾಲ ಕಳೆದು ಏರಿಯ ದುರಸ್ತಿ ನಡೆದಾಗ ಮಣ್ಣು ಅಗೆಯುವ ಯಂತ್ರ ತಾಗಿ ಆ ಕಲ್ಲು ಎರಡು ಹೋಳಾಯಿತು. ಕೆಳಗಿನ ಹೋಳಿನ ಮೂರು ಸಾಲುಗಳು ಪುಡಿಯಾದವು. ಕೆರೆಗೆ ಭೂಮಿ ಬಿಟ್ಟವನ ಹೆಸರು ಇದ್ದುದು ಆ ಮೂರು ಸಾಲುಗಳಲ್ಲಿಯೇ. ಈಗ ಆ ಹೆಸರು ಉಳಿದಿರುವುದು ಐವರು ಕೂಡಿ ಕೊಂಡ ಕ್ಯಾಮೆರಾದ ಚಿತ್ರದಲ್ಲಿ ಮಾತ್ರ. ಹುಡುಗರು ಅದನ್ನು ಅಚ್ಚು ಹಾಕಿಸಿ ಊರಿನವರಿಗೆ ಕೊಟ್ಟರು. ಊರ ಹಿರಿಯರು ಅದಕ್ಕೆ ಕಟ್ಟು ಹಾಕಿಸಿ ಗುಡಿಯಲ್ಲಿ ತೂಗುಹಾಕಿದ್ದಾರೆ.

ಕೊಂಡ ಮೇಲೆ ಕಾಯ್ದುಕೊಳ್ಳುವ ಕ್ರಮ ಸುಲಭವಾದುದು. ಬ್ಯಾಟರಿಯ ಬಾಗಿಲನ್ನು ಗಾಳಿಯಲ್ಲಿ, ಹೊಲದಲ್ಲಿ ತೆರೆಯಬಾರದು. ರಬ್ಬರಿನ ಅಂಚಿನ ಮೇಲೆ ಒಂದು ಮರಳ ಕಣ, ಒಂದು ಕೂದಲು ಕುಳಿತರೂ ನೀರಿಗೆ ದಾರಿಯಾಗುತ್ತದೆ. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು, ಹತ್ತಿಯ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ಬೈಕಿನ ಟಾಕಿಯ ಮೇಲೆ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಕಲ್ಲಿಗೆ ಎಣ್ಣೆ, ಸುಣ್ಣ, ಬಣ್ಣ ಹಚ್ಚಿ ಅಕ್ಷರ ತೋರಿಸುವ ಚಪಲವಂತೂ ಬೇಡವೇ ಬೇಡ. ಹೊಲದ ಒಡೆಯನ ಅಪ್ಪಣೆ ಪಡೆಯಬೇಕು. 2019ರಿಂದ ವನ್ಯಜೀವಿಧಾಮವಾಗಿರುವ ಕಪ್ಪತಗುಡ್ಡಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನೂ ಕೇಳಬೇಕು.

ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ ಪುರಾಣ ಪ್ರವಚನಗಳು ನಡೆಯುತ್ತವೆ, ಊರಿಗೆ ಊರೇ ಸೇರುತ್ತದೆ. ಅಷ್ಟರೊಳಗೆ ಪ್ರತಿಯೊಂದು ಊರಿನ ನಾಲ್ಕೈದು ಮನೆಗಳು ಕೂಡಿ ತಮ್ಮ ಊರಿನ ಒಂದು ಕಲ್ಲಿನ ಚಿತ್ರವನ್ನಾದರೂ ತೆಗೆಸಿ, ಊರು, ಜಾಗ, ತಾರೀಖು ಬರೆದು, ಮಠದಲ್ಲಿ ಒಂದು ಪ್ರತಿ, ಶಾಲೆಯಲ್ಲಿ ಒಂದು ಪ್ರತಿ ಇರಿಸಲಿ. ಓದಲು ಬಾರದ ಅಕ್ಷರವಿದ್ದರೆ ಚಿಂತೆಯಿಲ್ಲ. ಚಿತ್ರ ಉಳಿದಿದ್ದರೆ ಓದುವವರು ಎಂದಾದರೊಂದು ದಿನ ಬಂದೇ ಬರುತ್ತಾರೆ. ಶರಣು ಶರಣಾರ್ಥಿ.