ಮತ್ಸ್ಯನ್ಯಾಯವೂ ತಾಟೆ ಮೀನೂ

ಪಾಠಶಾಲೆಯಲ್ಲಿ ನಮ್ಮ ಗುರುಗಳು ಮತ್ಸ್ಯನ್ಯಾಯವೆಂಬ ಮಾತನ್ನು ಒಂದು ಇಡೀ ಪ್ರಾತಃಕಾಲ ವಿವರಿಸಿದ್ದರು. ದಂಡಧರನಿಲ್ಲದ ನಾಡಿನಲ್ಲಿ, ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ, ಬಲಿಷ್ಠನು ದುರ್ಬಲನನ್ನು ನುಂಗಿಬಿಡುವನೆಂಬುದು ಕೌಟಿಲ್ಯನ ಅಭಿಪ್ರಾಯ. ನಾನೂ ಮೂವತ್ತು ವರ್ಷಗಳ ಕಾಲ ಕುಂದಾಪುರದ ಸುತ್ತಿನ ಶಾಲೆಗಳಲ್ಲಿ ಅದನ್ನೇ ಒಪ್ಪಿಸುತ್ತ ಬಂದೆನು. ಎದುರಿಗೆ ಕುಳಿತವರಲ್ಲಿ ಅರ್ಧಪಾಲು ಖಾರ್ವಿ, ಮೊಗವೀರರ ಮಕ್ಕಳೇ ಆಗಿದ್ದರೂ, ಈ ಉಪಮಾನವು ಕಡಲಿನ ಮಟ್ಟಿಗೆ ಸರಿಯೇ ಎಂದು ಅವರನ್ನು ಒಮ್ಮೆಯೂ ಕೇಳಲಿಲ್ಲ.

ಕಳೆದ ವರ್ಷ ಮೇ ತಿಂಗಳ ಕೊನೆಗೆ ಗಂಗೊಳ್ಳಿಗೆ ಹೋಗಬೇಕಾಯಿತು. ಅಲ್ಲಿ ಟ್ರಾಲ್ ಬೋಟಿನ ತಾಂಡೇಲನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಹೆಣ್ಣು ಕೂಸು ಹುಟ್ಟಿತ್ತು. ನಕ್ಷತ್ರಕ್ಕೆ ಹೊಂದುವ ಹೆಸರೊಂದನ್ನು ನಾನೇ ಹೇಳಬೇಕೆಂಬುದು ಅವನ ಹಟ. ಪಂಚಗಂಗಾವಳಿಯು ಕಡಲನ್ನು ಸೇರುವ ಅಳಿವೆಯ ಬಳಿಯ ದಕ್ಕೆಯ ಮೇಲೆ ಬೋಟುಗಳಿಂದ ಮೀನನ್ನು ಇಳಿಸುತ್ತಲಿದ್ದರು. ಒಂದು ಬುಟ್ಟಿಯಲ್ಲಿ ಸುತ್ತಿಗೆಯಂತೆ ಅಡ್ಡಗಲವಾದ ತಲೆಯುಳ್ಳ ಹತ್ತಿಪ್ಪತ್ತು ಮರಿಗಳು, ಒಂದೊಂದೂ ಮೊಳದುದ್ದ. ಹೊರ ದೇಶದವರು ಶಾರ್ಕ್ ಎನ್ನುವ ಈ ಜಾತಿಗೆ ನಮ್ಮಲ್ಲಿ ತಾಟೆ ಎಂದು ಹೆಸರು. ಕುಂದಾಪುರದ ಬಾಯಿಯಲ್ಲಿ ಅದು ತಾಟಿ. ಬಾಣಂತಿಗೆ ಇದರ ಸಾರು ಎದೆಹಾಲನ್ನು ಹೆಚ್ಚಿಸುವುದೆಂಬ ನಂಬಿಕೆ ಇಲ್ಲಿಯದು. ಶಿಷ್ಯನು ಮನೆಗೆಂದು ಎರಡನ್ನು ತೆಗೆದಿರಿಸಿಕೊಂಡನು.

"ಮಾಷ್ಟ್ರೆ, ಇದ್ ಬರೀ ಮರಿ. ದೊಡ್ದ್ ಈಗ ಕಾಂಬುಕೇ ಸಿಕ್ಕುದಿಲ್ಲೆ" ಎಂದು ಹೇಳಿ, ಒಂದನ್ನು ಮಗುಚಿ ಎದೆಯ ಕೆಳಭಾಗವನ್ನು ತೋರಿಸಿದನು. ಅಲ್ಲಿ ಒಂದು ಸಣ್ಣ ಗೀರು. ಹೊಕ್ಕುಳದ ಗಾಯ, ಇನ್ನೂ ಮಾಗಿರಲಿಲ್ಲ.

ಮೀನಿಗೆ ಹೊಕ್ಕುಳವುಂಟೆಂಬುದು ನನಗೆ ಆ ದಿನ ತಿಳಿದ ಸಂಗತಿ. ಬೈಗೆ, ಬಂಗುಡೆಗಳಂತೆ ಸಾವಿರಾರು ಮೊಟ್ಟೆಗಳನ್ನು ನೀರಿಗೆ ಚೆಲ್ಲಿಬಿಡುವ ಜಾತಿ ಇದಲ್ಲ. ಸುತ್ತಿಗೆದಲೆಯ ತಾಟೆಯು ಹೆಚ್ಚುಕಡಮೆ ಮನುಷ್ಯ ಸ್ತ್ರೀಯಷ್ಟೇ ಕಾಲ ಗರ್ಭವನ್ನು ಹೊತ್ತು, ಮಾಸುವಿನ ಮೂಲಕ ಮರಿಗಳನ್ನು ಪೋಷಿಸಿ, ಜೀವಂತವಾಗಿ ಹೆರುತ್ತದೆ. ಮರಿಯು ಬೆಳೆದು ತಾಯಾಗಲು ಅನೇಕ ವರ್ಷಗಳು ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ನಮ್ಮ ಕಟ್ಟಳೆಯು ಮಳೆಗಾಲದಲ್ಲಿ ಮೊಟ್ಟೆಯಿಡುವ ಬೈಗೆಗೆ ಒದಗುವಷ್ಟು ಇದಕ್ಕೆ ಒದಗದು. ವರ್ಷದ ವ್ರತ ಬೇಕಾದವರಿಗೆ ಎರಡು ತಿಂಗಳ ಚಾತುರ್ಮಾಸ್ಯದಿಂದೇನು?

ಅಂದಿನಿಂದ ಸಿಕ್ಕಿದುದನ್ನೆಲ್ಲ ಓದತೊಡಗಿದೆನು. 1970ರಿಂದ 2018ರೊಳಗೆ ಪ್ರಪಂಚದ ತೆರೆಗಡಲಿನ ತಾಟೆ, ತೊರಕೆಗಳ ಸಂಖ್ಯೆಯು ನೂರಕ್ಕೆ 71ರಷ್ಟು ಇಳಿದಿರುವುದಾಗಿ 2021ರಲ್ಲಿ ವಿಜ್ಞಾನಿಗಳು ಲೆಕ್ಕವಿಟ್ಟು ತೋರಿಸಿದ್ದಾರೆ. ನಮ್ಮ ಸರಕಾರವು 2001ರಲ್ಲಿ ತಿಮಿಂಗಿಲ ತಾಟೆಯನ್ನು ರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 2015ರಲ್ಲಿ ತಾಟೆಯ ರೆಕ್ಕೆಗಳನ್ನು ಹೊರದೇಶಕ್ಕೆ ಕಳುಹಿಸುವುದನ್ನು ನಿಲ್ಲಿಸಿತು. ಆದರೆ ಟ್ರಾಲ್ ಬಲೆಯ ಸಣ್ಣ ಕಣ್ಣಿಗೆ ಪಟ್ಟಿಯನ್ನು ಓದಲು ಬರುವುದಿಲ್ಲವಷ್ಟೆ.

ನನ್ನನ್ನು ಬಹಳ ನಾಚಿಸಿದುದು ಆಸ್ಟ್ರೇಲಿಯದ ಪಶ್ಚಿಮ ತೀರದ ಒಂದು ಕೊಲ್ಲಿಯ ವೃತ್ತಾಂತ. ಅಲ್ಲಿ ಕಡಲ ತಳದಲ್ಲಿ ಹುಲ್ಲುಗಾವಲುಗಳಿವೆ. ಕಡಲಹಸುಗಳೂ ಆಮೆಗಳೂ ಅದನ್ನು ಮೇಯುತ್ತವೆ. ಹುಲಿತಾಟೆಗಳು ಸುಳಿಯುವ ಕಾಲದಲ್ಲಿ ಅವು ಭಯದಿಂದ ಒಂದೇ ಕಡೆ ನಿಲ್ಲವು. ಆದಕಾರಣ ಹುಲ್ಲು ಬೇರುಸಹಿತ ನಾಶವಾಗದೆ ಉಳಿಯುತ್ತದೆ. ಆ ಹುಲ್ಲಿನ ಮರೆಯಲ್ಲಿಯೇ ಸಣ್ಣ ಮೀನು, ಸಿಗಡಿಗಳ ಮರಿಗಳು ಬೆಳೆಯುವುದು. ಕಡಲಿನಲ್ಲಿ ದಂಡವನ್ನು ಹಿಡಿದಿದ್ದವನೇ ಆ ದೊಡ್ಡ ಮೀನು! ಅರಾಜಕತೆಗೆ ದೃಷ್ಟಾಂತವೆಂದು ನಾನು ಮೂವತ್ತು ವರ್ಷ ಹೇಳಿದುದು ಅರಸನನ್ನೇ.

ಮೀನು ಮುಟ್ಟದ ಮನೆಯಲ್ಲಿ ಹುಟ್ಟಿದವನು ಮೀನು ಹಿಡಿಯುವವರಿಗೆ ಉಪದೇಶಿಸುವುದು ಸುಲಭ. ಅದರಲ್ಲಿ ತ್ಯಾಗವೇನೂ ಇಲ್ಲ. ನಿಷೇಧ ಮುಗಿದು ಬೋಟುಗಳು ಹೊರಡುವ ಮುನ್ನ ಶಿಷ್ಯನಿಗೆ ಈ ವೃತ್ತಾಂತವನ್ನು ಹೇಳಿದಾಗ ಅವನು, "ಬಸ್ರಿ ತಾಟಿ ಬಲಿಗ್ ಬಂದ್ರೆ ಎಂತ ಮಾಡ್ಕ್ ಮಾಷ್ಟ್ರೆ? ಡೀಸೆಲ್ ಸಾಲ ಯಾರ್ ತೀರ್ಸುದ್?" ಎಂದು ಕೇಳಿದನು. ನಾನು ಸುಮ್ಮನಾದೆನು. ಬಲೆ ಮೇಲೆ ಬರುವಷ್ಟರಲ್ಲಿ ಅವುಗಳಲ್ಲಿ ಹೆಚ್ಚಿನವು ಸತ್ತೇ ಇರುತ್ತವೆಂದೂ ಅವನೇ ಹೇಳಿದನು.

ನವರಾತ್ರಿಯ ಸುಮಾರಿಗೆ ಅವನ ದೂರವಾಣಿ ಬಂತು. ಮೊದಲು ಕೂಸು ಬೋರಲು ಬೀಳುವ ವಿಷಯ. ಆಮೇಲೆ ದನಿಯನ್ನು ತಗ್ಗಿಸಿ, ಹಿಂದಿನ ವಾರ ಆಳು ಉದ್ದದ ಒಂದು ತಾಟೆ ಹೊಟ್ಟೆ ತುಂಬಿದ್ದುದು ಜೀವಂತವಾಗಿ ಮೇಲೆ ಬಂದಿತ್ತೆಂದೂ, ಇಬ್ಬರು ಸೇರಿ ಅದನ್ನು ಬೋಟಿನ ಅಂಚಿನಿಂದ ಕಡಲಿಗೆ ಜಾರಿಸಿಬಿಟ್ಟರೆಂದೂ ತಿಳಿಸಿದನು. ಬೋಟಿನ ಯಜಮಾನರಿಗೆ ಗೊತ್ತಾಗಬಾರದು ಎಂದನು. ಆದುದರಿಂದಲೇ ಅವನ ಹೆಸರನ್ನೂ, ನಾನು ಕೂಸಿಗೆ ಆರಿಸಿಕೊಟ್ಟ ಹೆಸರನ್ನೂ ಇಲ್ಲಿ ಬರೆದಿಲ್ಲ.